ಉತಾರ ಬರುವ ದಾರಿ: ಕೋಣೆ ತುಂಬಿದ ಯಂತ್ರದಿಂದ ಕಿಸೆಯ ಕಂಪ್ಯೂಟರಿನವರೆಗೆ

ವಿಜಯಪುರ ಜಿಲ್ಲೆಯಲ್ಲಿ ಹೊಲದ ಉತಾರ ತೆಗೆಸಲು ಹೋದವರು ಒಮ್ಮೆಯಾದರೂ ಕೇಳಿರುವ ಮಾತಿದು: "ಸರ್ವರ್ ಇಲ್ರೀ, ಸಂಜೀಕ ಬರ್ರಿ." ಕಂಪ್ಯೂಟರ್ ಚಾಲೂ ಇರುತ್ತದೆ, ಕರೆಂಟ್ ಇರುತ್ತದೆ, ಪ್ರಿಂಟರಿನಲ್ಲಿ ಹಾಳೆಯೂ ಇರುತ್ತದೆ. ಆದರೂ ಉತಾರ ಬರುವುದಿಲ್ಲ. ಹಾಗಾದರೆ ಮೇಜಿನ ಮೇಲಿರುವ ಕಂಪ್ಯೂಟರ್ ಮಾಡುವ ಕೆಲಸವೇನು, ಎಲ್ಲೋ ಇರುವ ಆ ಸರ್ವರ್ ಮಾಡುವ ಕೆಲಸವೇನು? ಒಂದು ಹಾಳೆ ಕೊಡಲು ಎರಡು ಯಂತ್ರ ಏಕೆ ಬೇಕು? ಕಂಪ್ಯೂಟರ್ ಹೇಗೆ ಬೆಳೆದು ಬಂತು ಎಂಬುದನ್ನು ತಿಳಿದರೆ ಇದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಈ ಕಥೆ ಹೇಳಲು ಕೊಲ್ಹಾರ ಒಳ್ಳೆಯ ಜಾಗ. ಕೃಷ್ಣಾ ದಂಡೆಯ ಈ ಊರು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ನೆಲೆಯನ್ನು ಬಿಟ್ಟುಕೊಟ್ಟು ಮೇಲೆ ಬಂದು ನೆಲೆಸಿತು. ಯಾರ ಹೆಸರಿನಲ್ಲಿ ಯಾವ ಸರ್ವೆ ನಂಬರು, ಅದರಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ ನೀರಿಗೆ ಹೋಯಿತು, ಪರಿಹಾರ ಯಾರಿಗೆ ಸೇರಬೇಕು ಎಂಬುದೆಲ್ಲ ನಿರ್ಧಾರವಾದದ್ದು ದಾಖಲೆಯ ಸಾಲುಗಳ ಮೇಲೆ. ದಕ್ಷಿಣದವರು ಪಹಣಿ ಎನ್ನುವ ಉತಾರ ಇಲ್ಲಿನ ಮನೆಗಳಲ್ಲಿ ಬಂಗಾರದ ಜೊತೆಗೇ ಟ್ರಂಕಿನಲ್ಲಿ ಇರುತ್ತಿದ್ದ ಕಾಗದ. ಅದು ಕೈಬರಹದಿಂದ ಕಂಪ್ಯೂಟರಿಗೆ, ಅಲ್ಲಿಂದ ಮೊಬೈಲಿಗೆ ಬಂದ ದಾರಿಯೂ ಕಂಪ್ಯೂಟರ್ ಬೆಳೆದ ದಾರಿಯೂ ಬಹುಮಟ್ಟಿಗೆ ಒಂದೇ.

ಚಾವಡಿಯ ನಾಲ್ಕು ಕೆಲಸ

1956ರವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು. ಊರ ಲೆಕ್ಕ ವಂಶಪರಂಪರೆಯಾಗಿ ಕುಲಕರ್ಣಿಯ ಕೈಯಲ್ಲಿತ್ತು. 1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದು ಮಾಡಿದ ಮೇಲೆ ಸರ್ಕಾರಿ ಸಂಬಳದ ತಲಾಟಿಯ ಕೈಗೆ ಹೋಯಿತು. ತಲಾಟಿ ಮಾಡುತ್ತಿದ್ದುದನ್ನು ಬಿಡಿಸಿ ನೋಡಿದರೆ ಕೆಲಸ ನಾಲ್ಕೇ. ಬರೆದಿಡುವುದು, ಬೇಕಾದಾಗ ಹುಡುಕುವುದು, ಲೆಕ್ಕ ಮಾಡುವುದು, ನಕಲು ಕೊಡುವುದು. ಅಣ್ಣತಮ್ಮಂದಿರು ಪಾಲಾದರೆ 40 ಗುಂಟೆಗೆ ಒಂದು ಎಕರೆಯಂತೆ ಹಿಸ್ಸೆ ಒಡೆದು ಹೊಸ ಸಾಲು ಬರೆಯಬೇಕು. ಇಂದಿನ ಯಾವುದೇ ಕಂಪ್ಯೂಟರ್ ಮಾಡುವುದೂ ಈ ನಾಲ್ಕು ಕೆಲಸವನ್ನೇ. ಆದರೆ ನಾಲ್ಕನ್ನೂ ಒಂದೇ ಯಂತ್ರಕ್ಕೆ ಕಲಿಸಲು ಜಗತ್ತಿಗೆ ಸುಮಾರು 300 ವರ್ಷ ಬೇಕಾಯಿತು.

ಮೊದಲು ಕೈಗೂಡಿದ್ದು ಲೆಕ್ಕ. 1642ರಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕೂಡುವ ಯಂತ್ರ ಮಾಡಹೊರಟದ್ದು ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಹೊರೆ ಇಳಿಸಲು. ಹಲ್ಲಿನ ಗಾಲಿಗಳ ಸಾಲು ಅದು. ಒಂದು ಗಾಲಿ ಒಂಬತ್ತು ದಾಟಿ ಸೊನ್ನೆಗೆ ಬಂದರೆ ಪಕ್ಕದ ಗಾಲಿ ಒಂದು ಹಲ್ಲು ಮುಂದೆ ಸರಿಯುತ್ತಿತ್ತು. ಶಾಲೆಯಲ್ಲಿ ನಾವು 'ದಶಕ ಒಂದು' ಎಂದು ಪಕ್ಕಕ್ಕೆ ಒಯ್ಯುವ ಕೆಲಸವನ್ನು ಹಲ್ಲು ಮಾಡುತ್ತಿತ್ತು. ಆದರೆ ಆ ಯಂತ್ರಕ್ಕೆ ಗೊತ್ತಿದ್ದುದು ಅಷ್ಟೇ. ಮುಂದೇನು ಮಾಡಬೇಕೆಂದು ಪ್ರತಿ ಸಲವೂ ಮನುಷ್ಯನೇ ಗಾಲಿ ತಿರುಗಿಸಿ ಹೇಳಬೇಕಿತ್ತು.

ಯಂತ್ರಕ್ಕೆ ಮುಂಚಿತವಾಗಿಯೇ ಆದೇಶ ಬರೆದುಕೊಡುವ ಉಪಾಯ ಹೊಳೆದದ್ದು ನೇಕಾರರ ಕಸುಬಿನಲ್ಲಿ. 1804ರ ಹೊತ್ತಿಗೆ ಜೋಸೆಫ್ ಮಾರಿ ಜಕಾರ್ಡ್ ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಸರ ಕೂರಿಸಿದ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಜಕಾರ್ಡ್ ಕೂರಿಸಿದ ಮಗ್ಗ ನಮ್ಮ ನೇಕಾರ ಓಣಿಗಳಿಗೆ ಹೊಸದಲ್ಲ. ಸೀರೆಯ ಬುಟ್ಟಾ ಬದಲಾಗಬೇಕಾದರೆ ಅಲ್ಲಿ ಮಗ್ಗ ಬಿಚ್ಚುವುದಿಲ್ಲ, ರಟ್ಟಿನ ಸರ ಬದಲಿಸುತ್ತಾರೆ. ಯಂತ್ರ ಅದೇ, ಆದೇಶ ಬೇರೆ. ಇಂದು ನಾವು ಪ್ರೋಗ್ರಾಂ ಎನ್ನುವುದರ ಬೀಜ ಇದು.

ಇದೇ ರಟ್ಟನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1837ರ ಹೊತ್ತಿಗೆ ತನ್ನ ವಿಶ್ಲೇಷಣಾ ಯಂತ್ರದ ವಿನ್ಯಾಸಕ್ಕೆ ತಂದುಕೊಂಡ. ಲೆಕ್ಕ ನಡೆಯುವ ಭಾಗವನ್ನು ಆತ ಗಿರಣಿ ಎಂದೂ ಅಂಕಿಗಳನ್ನು ಇಡುವ ಭಾಗವನ್ನು ಉಗ್ರಾಣ ಎಂದೂ ಕರೆದ. ಆ ಯಂತ್ರ ಪೂರ್ತಿಯಾಗಿ ತಯಾರಾಗಲೇ ಇಲ್ಲ. ಆದರೆ 1843ರಲ್ಲಿ ಆ ಬಗ್ಗೆ ಟಿಪ್ಪಣಿ ಬರೆದ ಏಡಾ ಲವ್ಲೇಸ್, ಇಂಥ ಯಂತ್ರ ಅಂಕಿಗಳನ್ನಷ್ಟೇ ಅಲ್ಲದೆ ನಿಯಮಕ್ಕೆ ಒಳಪಡುವ ಬೇರೆ ಸಂಗತಿಗಳನ್ನೂ ನಿಭಾಯಿಸಬಲ್ಲದು ಎಂದು ಗುರುತಿಸಿದರು. ಅಕ್ಷರಕ್ಕೂ ಚಿತ್ರಕ್ಕೂ ಹಾಡಿಗೂ ಒಂದೊಂದು ಸಂಖ್ಯೆ ಕೊಟ್ಟರೆ ಲೆಕ್ಕದ ಯಂತ್ರ ಅವನ್ನೂ ನಡೆಸುತ್ತದೆ. ಇಂದು ನಡೆಯುತ್ತಿರುವುದು ಅದೇ.

ಹುಡುಕುವ ಮತ್ತು ಎಣಿಸುವ ಕೆಲಸ ಯಂತ್ರಕ್ಕೆ ಬಂದದ್ದು ಜನಗಣತಿಯಿಂದ. ಅಮೆರಿಕದ 1880ರ ಗಣತಿಯ ಲೆಕ್ಕ ಮುಗಿಯಲು ಏಳು ವರ್ಷಕ್ಕೂ ಹೆಚ್ಚು ಹಿಡಿದಿತ್ತು. 1890ರಲ್ಲಿ ಹರ್ಮನ್ ಹಾಲರಿತ್ ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ರಟ್ಟು ಕೊರೆಸಿದ. ರಟ್ಟಿನ ಮೇಲೆ ಸೂಜಿಗಳ ಹಲಗೆ ಇಳಿಸಿದರೆ ತೂತಿದ್ದ ಕಡೆ ಸೂಜಿ ಒಳಹೊಕ್ಕು ಪಾದರಸ ಮುಟ್ಟುತ್ತಿತ್ತು, ವಿದ್ಯುತ್ ಹರಿದು ಮುಳ್ಳು ಒಂದು ಮನೆ ಮುಂದೆ ಹೋಗುತ್ತಿತ್ತು. ಹಾಲರಿತ್‌ನ ಕಂಪನಿ ಬೇರೆ ಕಂಪನಿಗಳೊಂದಿಗೆ ಸೇರಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಆದೇಶವೂ ಅಂಕಿಯೂ ಒಂದೇ ಜಾಗದಲ್ಲಿ

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಎನಿಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿತು. ಸುಮಾರು 18,000 ನಿರ್ವಾತ ಕೊಳವೆ, 30 ಟನ್ ತೂಕ, ಸೆಕೆಂಡಿಗೆ 5,000 ಸಂಕಲನ. ಗಾಲಿ, ಹಲ್ಲುಗಳ ಬದಲು ವಿದ್ಯುತ್ತೇ ಸ್ವಿಚ್ ಆಗಿದ್ದರಿಂದ ಬಂದ ವೇಗ ಇದು. ಆದರೆ ಒಂದು ಲೆಕ್ಕ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ವೈರುಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕು, ಸ್ವಿಚ್ಚುಗಳನ್ನು ತಿರುಗಿಸಬೇಕು. ಅದಕ್ಕೆ ದಿನಗಳೇ ಹಿಡಿಯುತ್ತಿದ್ದವು.

ಪರಿಹಾರ ಸರಳವಾಗಿತ್ತು, ಅದರ ಪರಿಣಾಮ ದೊಡ್ಡದಾಗಿತ್ತು. ಆದೇಶಗಳಿಗೂ ಸಂಖ್ಯೆ ಕೊಟ್ಟು ಅಂಕಿಗಳಿರುವ ಮೆಮೊರಿಯಲ್ಲೇ ಇಡುವುದು. ಜಾನ್ ಫಾನ್ ನಾಯ್ಮನ್ ಹೆಸರಿನ 1945ರ ವರದಿ ಈ ಏರ್ಪಾಡನ್ನು ವಿವರಿಸಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1948ರ ಜೂನ್ 21ರಂದು ಇಂಥ ಯಂತ್ರವೊಂದು ಮೊದಲ ಬಾರಿಗೆ ಪ್ರೋಗ್ರಾಂ ನಡೆಸಿತು. ಅದರ ಮೆಮೊರಿ 128 ಬೈಟ್. ಇಂದಿನ ಪದ್ಧತಿಯಲ್ಲಿ 'ಕೊಲ್ಹಾರ' ಎಂಬ ಹೆಸರನ್ನು ಆರು ಸಲ ಬರೆದರೆ ತುಂಬಿಹೋಗುವಷ್ಟು ಜಾಗ.

ನಿಮ್ಮ ಮೊಬೈಲ್ ಕೂಡ ಇದೇ ಏರ್ಪಾಡಿನ ಮೇಲೆ ನಡೆಯುತ್ತದೆ. ಹಗೇವು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ವರ್ಷದ ಜೋಳ ನೆಲದೊಳಗಿನ ಹಗೇವಿನಲ್ಲಿ ಇರುತ್ತದೆ, ವಾರಕ್ಕೆ ಬೇಕಾದಷ್ಟು ಮೇಲೆ ತೆಗೆದು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅಂದಂದಿನದು ಗಿರಣಿಗೆ ಹೋಗುತ್ತದೆ. ಹಾರ್ಡ್ ಡಿಸ್ಕ್ ಅಥವಾ ಮೊಬೈಲಿನ ಸ್ಟೋರೇಜ್ ಎಂಬುದು ಹಗೇವು. ಕರೆಂಟ್ ಹೋದರೂ ಅಲ್ಲಿದ್ದದ್ದು ಉಳಿಯುತ್ತದೆ. ರ‍್ಯಾಮ್ ಎಂಬುದು ಮೇಲೆ ತೆಗೆದಿಟ್ಟ ಚೀಲ. ಕರೆಂಟ್ ಹೋದರೆ ಬರಿದಾಗುತ್ತದೆ. ಪ್ರೊಸೆಸರ್ ಗಿರಣಿ. ಅದು ಮೆಮೊರಿಯಿಂದ ಒಂದು ಆದೇಶ ತರುತ್ತದೆ, ಅದರ ಅರ್ಥ ತಿಳಿಯುತ್ತದೆ, ನಡೆಸುತ್ತದೆ, ಮುಂದಿನ ಆದೇಶಕ್ಕೆ ಹೋಗುತ್ತದೆ. ಸೇವ್ ಮಾಡುವ ಮುನ್ನ ಕರೆಂಟ್ ಹೋದರೆ ಟೈಪ್ ಮಾಡಿದ್ದು ಹಾಳಾಗುವುದು ಅದು ಇನ್ನೂ ರ‍್ಯಾಮಿನಲ್ಲೇ ಇದ್ದುದರಿಂದ. ಹಳೆಯ ಕಂಪ್ಯೂಟರ್ ನಿಧಾನವಾದರೆ ರ‍್ಯಾಮ್ ಹೆಚ್ಚಿಸಿ ಎನ್ನುವುದು ಹಗೇವಿಗೆ ಪದೇ ಪದೇ ಇಳಿಯುವ ತೊಂದರೆ ತಪ್ಪಲಿ ಎಂದು.

ಸಣ್ಣದಾಗುತ್ತ ಬಂದ ಸ್ವಿಚ್

1948ರ ನಂತರದ ಚರಿತ್ರೆಯನ್ನು ಸ್ವಿಚ್ಚಿನ ಗಾತ್ರ ಕುಗ್ಗಿದ ಚರಿತ್ರೆ ಎಂದು ಓದಬಹುದು. ಕಂಪ್ಯೂಟರಿನೊಳಗೆ ಇರುವುದೆಲ್ಲ ಸ್ವಿಚ್ಚೇ. ಹರಿದರೆ 1, ಹರಿಯದಿದ್ದರೆ 0. ನಿರ್ವಾತ ಕೊಳವೆ ಬಿಸಿಯಾಗುತ್ತಿತ್ತು, ಸುಟ್ಟುಹೋಗುತ್ತಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಅದೇ ಕೆಲಸವನ್ನು ತಣ್ಣಗೆ, ಕಡಿಮೆ ಕರೆಂಟಿನಲ್ಲಿ ಮಾಡಿತು. 1958-59ರಲ್ಲಿ ಜ್ಯಾಕ್ ಕಿಲ್ಬಿ ಮತ್ತು ರಾಬರ್ಟ್ ನಾಯ್ಸ್ ಬೇರೆಬೇರೆಯಾಗಿ ಹಲವು ಬಿಡಿಭಾಗಗಳನ್ನು ಒಂದೇ ಚಿಪ್ಪಿನ ಮೇಲೆ ತರುವ ದಾರಿ ಕಂಡರು. 1971ರಲ್ಲಿ ಇಂಟೆಲ್ 2,300 ಟ್ರಾನ್ಸಿಸ್ಟರುಗಳ 4004 ಚಿಪ್ಪನ್ನು ಮಾರಾಟಕ್ಕೆ ತಂದಿತು. ಜಪಾನಿನ ಕಂಪನಿಯೊಂದರ ಕ್ಯಾಲ್ಕ್ಯುಲೇಟರಿಗೆಂದು ಮಾಡಿದ ಆ ಚಿಪ್ಪಿನಲ್ಲಿ ಇಡೀ ಪ್ರೊಸೆಸರ್ ಉಗುರಗಲದ ಜಾಗಕ್ಕೆ ಬಂದಿತ್ತು. ಇಂದಿನ ದುಬಾರಿ ಮೊಬೈಲುಗಳ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳಿವೆ.

ಗಿರಣಿ ಸಣ್ಣದಾದ ಕೂಡಲೇ ಮನೆಗೆ ಬಂತು. 1975ರಲ್ಲಿ ಬಿಡಿಭಾಗಗಳ ಪೆಟ್ಟಿಗೆಯಾಗಿ ಅಂಚೆಯಲ್ಲಿ ಮಾರಾಟವಾದ ಆಲ್ಟೇರ್, 1977ರ ಆಪಲ್-2, 1981ರ ಆಗಸ್ಟ್ 12ರಂದು ಬಂದ ಐಬಿಎಂ ಪಿಸಿ ಪರ್ಸನಲ್ ಕಂಪ್ಯೂಟರಿನ ಮೂರು ಮೆಟ್ಟಿಲುಗಳು. ಐಬಿಎಂ ಪಿಸಿಯ ಅಗ್ಗದ ಮಾದರಿಯ ಮೆಮೊರಿ 16 ಕಿಲೋಬೈಟ್. 4 ಜಿಬಿ ರ‍್ಯಾಮಿನ ಇಂದಿನ ಸಾಧಾರಣ ಮೊಬೈಲಿನದು ಅದರ ಎರಡೂವರೆ ಲಕ್ಷ ಪಟ್ಟಿಗೂ ಹೆಚ್ಚು. ಐಬಿಎಂ ತನ್ನ ಪಿಸಿಯ ಭಾಗಗಳನ್ನು ಹೊರಗಿನಿಂದ ಕೊಂಡಿದ್ದರಿಂದ ಅದರಂಥದೇ ಯಂತ್ರವನ್ನು ಬೇರೆಯವರೂ ಜೋಡಿಸಬಲ್ಲವರಾದರು. ವಿಜಯಪುರದ ಅಂಗಡಿಯಲ್ಲಿ ಒಬ್ಬರ ಮದರ್‌ಬೋರ್ಡ್, ಇನ್ನೊಬ್ಬರ ಡಿಸ್ಕ್ ಕೂಡಿಸಿ 'ಅಸೆಂಬಲ್' ಕಂಪ್ಯೂಟರ್ ಮಾಡಿಕೊಡಲು ಸಾಧ್ಯವಾದದ್ದು ಇದರಿಂದಲೇ.

ಆದೇಶ ಕೊಡುವ ಬಗೆಯೂ ಬದಲಾಯಿತು. ಮೊದಲು ರಟ್ಟು, ಆಮೇಲೆ ಟೈಪ್ ಮಾಡುವ ಸಾಲು. 1968ರಲ್ಲಿ ಡಗ್ಲಸ್ ಎಂಗೆಲ್‌ಬರ್ಟ್ ಸಭೆಯೊಂದರಲ್ಲಿ ಮೌಸ್ ತೋರಿಸಿದರು, 1984ರ ಮ್ಯಾಕಿಂಟಾಷ್ ಅದನ್ನು ಜನರ ಕೈಗಿಟ್ಟಿತು, ವಿಂಡೋಸ್ 95 ಕಚೇರಿ ಕಚೇರಿಗೂ ಮುಟ್ಟಿಸಿತು. ಈಗ ಬೆರಳೇ ಮೌಸ್.

ಭಾರತದಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನಿಂದ ಕಂಪ್ಯೂಟರ್ ಬಂತು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತಾನೇ ಕಟ್ಟಿದ ಟಿಫ್ರ್ಯಾಕ್ 1960ರಲ್ಲಿ ಕೆಲಸ ಆರಂಭಿಸಿತು. 1984ರ ಹೊಸ ಕಂಪ್ಯೂಟರ್ ನೀತಿ ಆಮದು ಸಡಿಲಿಸಿದ ನಂತರ ಬ್ಯಾಂಕು, ರೈಲ್ವೆ, ಸರ್ಕಾರಿ ಕಚೇರಿಗಳಿಗೆ ಪಿಸಿ ಬರತೊಡಗಿತು. ಆದರೆ ಉತಾರಕ್ಕೆ ಇನ್ನೊಂದು ಅಡ್ಡಿ ಇತ್ತು. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ.

ಏಳು ಸಂಖ್ಯೆ, ಮೂರು ಅಕ್ಷರ

ಯಂತ್ರಕ್ಕೆ ಯಾವ ಭಾಷೆಯೂ ಬರುವುದಿಲ್ಲ. ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಎಲ್ಲರೂ ಒಪ್ಪಿದ ಪಟ್ಟಿ ಬೇಕು. ಇಂಗ್ಲಿಷಿಗೆ 1960ರ ದಶಕದಲ್ಲೇ ಆಸ್ಕಿ ಎಂಬ ಪಟ್ಟಿ ಬಂತು. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಕಾಗುಣಿತ, ಒತ್ತಕ್ಷರ, ಅರ್ಕಾವತ್ತು. ಎಲ್ಲ ರೂಪಗಳಿಗೂ ಒಂದೊಂದು ಸಂಖ್ಯೆ ಕೊಡಹೊರಟರೆ ಮುಗಿಯುವುದೇ ಇಲ್ಲ.

ಆರಂಭದ ತಂತ್ರಾಂಶಗಳು ಅಡ್ಡದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳ ಸಂಖ್ಯೆಯಲ್ಲೇ ಕನ್ನಡದ ತುಣುಕು ಚಿತ್ರಗಳನ್ನು ಕೂರಿಸಿ ಫಾಂಟ್ ಮಾಡಿದವು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ ಚೆಂದವಾಗಿ ಕಾಣುತ್ತಿತ್ತು. ಇಲ್ಲದ ಕಡೆ ಅದೇ ಕಡತ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಪತ್ರಿಕೆಗಳ, ಕಚೇರಿಗಳ ಹಳೆಯ ಕಡತಗಳನ್ನು 'ಯೂನಿಕೋಡಿಗೆ ಪರಿವರ್ತಿಸಿ' ಎಂಬ ಮಾತು ಇಂದಿಗೂ ಕೇಳಿಬರುವುದು ಆ ಕಾಲದ ಸಾಲ ತೀರಿಸಲಿಕ್ಕೆ.

ಇದೇ ಕಾಲದಲ್ಲಿ ಕನ್ನಡಿಗರು ಮಾಡಿದ ಕೆಲಸ ಗಟ್ಟಿಯಾದದ್ದು. ಕೆ.ಪಿ. ರಾವ್ ಉಚ್ಚಾರಣೆಗೆ ಹೊಂದುವ ಕನ್ನಡ ಕೀಲಿಮಣೆ ರೂಪಿಸಿದರು. ಟೈಪ್‌ರೈಟರಿನಲ್ಲಿ ಅಕ್ಷರದ ತುಣುಕುಗಳನ್ನು ಜೋಡಿಸಬೇಕಿತ್ತು. ಇಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲೇ ಒತ್ತಿದರೆ ಅಕ್ಷರ ಮೂಡುತ್ತದೆ. ಸರ್ಕಾರ ಒಪ್ಪಿದ ಕೀಲಿಮಣೆಗೂ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೂ ಅದೇ ಆಧಾರ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ ತಂತ್ರಾಂಶ ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದಿತು.

ಶಾಶ್ವತ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗಗಳ ಒಂದು ಮನೆ ಸಿಕ್ಕಿತು. ಅದರ ಜಾಣತನವನ್ನು ಕೊಲ್ಹಾರದ ಹೆಸರಿನಲ್ಲೇ ನೋಡಬಹುದು. ತೆರೆಯ ಮೇಲೆ ಕಾಣುವುದು ಕೊ, ಲ್ಹಾ, ರ ಎಂಬ ಮೂರು ಅಕ್ಷರ. ಒಳಗೆ ಇರುವುದು ಏಳು ಸಂಖ್ಯೆ: ಕ (3221), ಒ-ಸ್ವರಚಿಹ್ನೆ (3274), ಲ (3250), ವಿರಾಮ (3277), ಹ (3257), ಆ-ಸ್ವರಚಿಹ್ನೆ (3262), ರ (3248). ಲ ಮತ್ತು ಹ ನಡುವೆ ವಿರಾಮ ಬಂದರೆ ಹಕಾರ ಒತ್ತಾಗಿ ಕೆಳಗಿಳಿಯಬೇಕು ಎಂಬ ನಿಯಮ ಫಾಂಟಿನೊಳಗೆ ಇರುತ್ತದೆ. 'ಸರ್ವೆ' ಎಂದು ಬರೆದಾಗ ಒಳಗೆ ರಕಾರ ಮೊದಲು, ವಕಾರ ಆಮೇಲೆ, ಉಚ್ಚಾರಣೆ ಇದ್ದಂತೆಯೇ. ಅರ್ಕಾವತ್ತನ್ನು ಹಿಂದಕ್ಕೆ ಸರಿಸಿ ಚಿತ್ರ ಬಿಡಿಸುವುದು ಫಾಂಟಿನ ಹೊಣೆ. ಉಚ್ಚಾರಣೆಯ ಕ್ರಮದಲ್ಲಿ ಶೇಖರಿಸಿ, ಬರವಣಿಗೆಯ ಕ್ರಮದಲ್ಲಿ ತೋರಿಸುವ ಈ ಏರ್ಪಾಡಿನಿಂದಲೇ ಕನ್ನಡದಲ್ಲಿ ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸಾಧ್ಯವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಜೊತೆಯಲ್ಲೇ ಬಂತು.

ಚಾವಡಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಬೆಂಗಳೂರಿಗೆ

ಅದೇ 2001ರ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯನ್ನು ಜಾರಿಗೆ ತಂದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳುತನದಲ್ಲಿ, 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಟೈಪ್ ಮಾಡಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕಂಪ್ಯೂಟರೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಘೋಷಿಸಿದ್ದರಿಂದ ಎರಡು ಬಗೆಯ ದಾಖಲೆ ಉಳಿಯಲಿಲ್ಲ. ಯಾವ ನೌಕರ ಯಾವ ಬದಲಾವಣೆ ಮಾಡಿದ ಎಂಬುದಕ್ಕೆ ಆತನ ಬೆರಳಚ್ಚಿನ ಗುರುತು ಇರುತ್ತಿತ್ತು.

ಆಗ ಕೊಲ್ಹಾರ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಊರ ತಲಾಟಿಯ ಬಳಿ ಇದ್ದ ದಾಖಲೆ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಹೋಯಿತು. ಮೊದಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ಕಚೇರಿಯ ಯಂತ್ರದಲ್ಲೇ ಇತ್ತು. ಮುಂದೆ ರಾಜ್ಯದ ಕಚೇರಿಗಳನ್ನು ಬೆಸೆಯುವ ಜಾಲ ಬಂದ ಮೇಲೆ ಎಲ್ಲ ದಾಖಲೆಗಳೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಒಂದು ಕಡೆ ಇದ್ದರೆ ಕಾಯುವುದು ಸುಲಭ, ಪ್ರತಿ ಮಾಡಿಡುವುದು ಸುಲಭ, ಉಪನೋಂದಣಿ ಕಚೇರಿ, ಬ್ಯಾಂಕು, ಸರ್ವೆ ಇಲಾಖೆ ಎಲ್ಲರೂ ಒಂದೇ ದಾಖಲೆ ನೋಡಬಹುದು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕೊಲ್ಹಾರವೂ ಬಂತು. ಕಚೇರಿ ಊರಿಗೇ ಬಂದರೂ ದಾಖಲೆ ಇರುವುದು ಬೆಂಗಳೂರಿನಲ್ಲೇ.

ಇಲ್ಲಿ ಎರಡು ಪ್ರಯಾಣಗಳು ಎದುರುಬದುರಾಗಿ ನಡೆದಿವೆ. ಯಂತ್ರ ದೂರದ ಪ್ರಯೋಗಾಲಯದಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಬಸ್ ಸ್ಟ್ಯಾಂಡಿನ ಆನ್‌ಲೈನ್ ಅಂಗಡಿಗೆ, ಕೊನೆಗೆ ರೈತನ ಕಿಸೆಗೆ ಬಂತು. ದಾಖಲೆ ಚಾವಡಿಯಿಂದ ತಾಲ್ಲೂಕಿಗೆ, ಅಲ್ಲಿಂದ ರಾಜಧಾನಿಗೆ ಹೋಯಿತು. 'ಸರ್ವರ್ ಇಲ್ರೀ' ಎಂಬ ಮಾತು ಹುಟ್ಟಿದ್ದು ಈ ಎರಡರ ನಡುವಿನ ದೂರದಲ್ಲಿ.

ಅಂಗೈ ಯಂತ್ರದ ಪ್ರಯತ್ನದಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರರೂ ಸೇರಿ ಸಿಂಪ್ಯೂಟರ್ ಎಂಬ ಅಗ್ಗದ ಅಂಗೈ ಕಂಪ್ಯೂಟರ್ ರೂಪಿಸಿ 2001ರಲ್ಲಿ ತೋರಿಸಿದರು. ಓದು ಬರಹ ಬಾರದವರೂ ಮುಟ್ಟಿ ಬಳಸಲಿ, ಹಳ್ಳಿಯ ಹಲವರು ಒಂದೇ ಯಂತ್ರವನ್ನು ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳಲಿ ಎಂಬುದು ಅವರ ಆಶಯ. 2004ರಲ್ಲಿ ಅದು 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2007ರ ಐಫೋನ್, 2008ರ ಆಂಡ್ರಾಯ್ಡ್ ನಂತರ ಆ ಕನಸು ಬೇರೆ ಹೆಸರಿನಲ್ಲಿ ನಿಜವಾಯಿತು. 2020ರ ಮುಂಗಾರಿನಲ್ಲಿ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ಹೊಲದಲ್ಲಿ ನಿಂತು ತೊಗರಿಯದೋ ಉಳ್ಳಾಗಡ್ಡಿಯದೋ ಫೋಟೊ ತೆಗೆದು ಕಳಿಸಿದರೆ ಬೆಳೆಯ ವಿವರ ದಾಖಲೆಗೆ ಹೋಗುತ್ತದೆ. ತಲಾಟಿ ಬರೆಯುತ್ತಿದ್ದ ಸಾಲನ್ನು ರೈತನೇ ಬರೆಯುವ ಕಾಲ ಇದು.

ಬಟನ್ ಒತ್ತಿದ ಮೇಲೆ

ಉತಾರಕ್ಕಾಗಿ ಬಟನ್ ಒತ್ತಿದಾಗ ನಡೆಯುವುದು ಇಷ್ಟು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್ ಎಂದು ನೀವು ಆರಿಸಿದ್ದು ಸಂಖ್ಯೆಗಳಾಗುತ್ತದೆ. ಆ ಸಂಖ್ಯೆಗಳ ಸಣ್ಣ ಪೊಟ್ಟಣ ಮೊಬೈಲ್ ಟವರ್ ಅಥವಾ ಕೇಬಲ್ ಹಿಡಿದು ದತ್ತಾಂಶ ಕೇಂದ್ರ ಮುಟ್ಟುತ್ತದೆ. ಅಲ್ಲಿ ಸರ್ವರ್ ನಿಮ್ಮ ಸಾಲನ್ನು ಹುಡುಕುತ್ತದೆ. ಎರಡು ಕೋಟಿ ದಾಖಲೆಗಳನ್ನು ಒಂದೊಂದಾಗಿ ತಿರುವಿಹಾಕುವುದಿಲ್ಲ. ಕ್ರಮವಾಗಿ ಜೋಡಿಸಿಟ್ಟ ಸೂಚಿಯ ನಡುವಿಗೆ ಹೋಗಿ, ಬೇಕಾದದ್ದು ಈ ಕಡೆಯೋ ಆ ಕಡೆಯೋ ಎಂದು ನೋಡಿ, ಉಳಿದರ್ಧವನ್ನು ಬಿಟ್ಟುಬಿಡುತ್ತದೆ. ಹೀಗೆ ಅರ್ಧ ಮಾಡುತ್ತ ಹೋದರೆ 2 ಕೋಟಿಯಲ್ಲಿ ಒಂದನ್ನು ಹಿಡಿಯಲು 25 ಹೆಜ್ಜೆ ಸಾಕು. ಸಿಕ್ಕ ದಾಖಲೆ ಮತ್ತೆ ಸಂಖ್ಯೆಗಳಾಗಿ ಅದೇ ದಾರಿಯಲ್ಲಿ ಮರಳುತ್ತದೆ. ಫಾಂಟ್ ಕನ್ನಡ ಬಿಡಿಸುತ್ತದೆ. ಪ್ರಿಂಟರ್ ಹಾಳೆಗೆ ಇಳಿಸುತ್ತದೆ.

ಈ ಸರಪಳಿ ಗೊತ್ತಿದ್ದರೆ ಕೆಲಸ ನಿಂತಾಗ ಎಲ್ಲಿ ನಿಂತಿತೆಂದು ಹೇಳಬಹುದು:

- ಬೇರೆ ಯಾವ ವೆಬ್‌ಸೈಟೂ ತೆರೆಯದಿದ್ದರೆ ದೋಷ ಊರಿನ ನೆಟ್‌ವರ್ಕಿನದು. ಇನ್ನೊಂದು ಕಂಪನಿಯ ಸಿಮ್ ಇರುವ ಮೊಬೈಲಿನಲ್ಲಿ ನೋಡಿ.
- ಬೇರೆಲ್ಲ ತೆರೆದು ಭೂಮಿ ತಾಣ ಮಾತ್ರ ತೆರೆಯದಿದ್ದರೆ ಸರ್ವರಿನ ಕಡೆಯ ಅಡಚಣೆ, ಅಥವಾ ಏಕಕಾಲಕ್ಕೆ ಮುಗಿಬಿದ್ದವರು ಹೆಚ್ಚು. ಬೆಳೆ ಸಾಲ, ವಿಮೆಯ ಕೊನೆಯ ದಿನಗಳಲ್ಲಿ ಹೀಗಾಗುವುದು ಸಹಜ. ಬೆಳಗಿನ ಜಾವ ಅಥವಾ ರಾತ್ರಿ ಪ್ರಯತ್ನಿಸಿ.
- ತಾಣ ತೆರೆದರೂ ದಾಖಲೆ ಸಿಗಲಿಲ್ಲ ಎಂದು ಬಂದರೆ ನೀವು ಕೊಟ್ಟ ಹಿಸ್ಸಾ ನಂಬರ್ ಅಥವಾ ಹೋಬಳಿ ಸರಿಯಿದೆಯೇ ನೋಡಿ. ಹೊಸ ತಾಲ್ಲೂಕಾದ ಮೇಲೆ ಹಳೆಯ ತಾಲ್ಲೂಕಿನ ಹೆಸರು ಆರಿಸುವ ತಪ್ಪು ಆಗಬಹುದು.
- ಪ್ರಿಂಟಿನಲ್ಲಿ ಕನ್ನಡದ ಬದಲು ಚೌಕಗಳು ಬಂದರೆ ದೋಷ ಆ ಕಂಪ್ಯೂಟರಿನ ಫಾಂಟಿನದು. ದಾಖಲೆಗೆ ಏನೂ ಆಗಿಲ್ಲ.

ಭೂಮಿ ತಾಣದಲ್ಲಿ ಉತಾರದ ವಿವರವನ್ನು ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಬ್ಯಾಂಕಿಗೆ, ಕೋರ್ಟಿಗೆ ಕೊಡಲು ಮಾತ್ರ ಶುಲ್ಕ ಕಟ್ಟಿ ತೆಗೆದ ಅಧಿಕೃತ ಪ್ರತಿ ಬೇಕು.

ಯಂತ್ರ ತಿದ್ದುವುದಿಲ್ಲ

ಊರಿನಲ್ಲಿ ಒಬ್ಬರನ್ನು 'ಮಲ್ಲಪ್ಪ' ಎಂದರೂ 'ಮಲ್ಲೇಶಪ್ಪ' ಎಂದರೂ ತಲಾಟಿಗೆ ಯಾರೆಂದು ಗೊತ್ತಾಗುತ್ತಿತ್ತು. ಕಂಪ್ಯೂಟರ್ ಸಂಖ್ಯೆಗೆ ಸಂಖ್ಯೆ ಇಟ್ಟು ತಾಳೆ ನೋಡುತ್ತದೆ. ಒಂದು ಒತ್ತಕ್ಷರ ಬಿಟ್ಟುಹೋದರೆ, ತಂದೆಯ ಹೆಸರೂ ಅಡ್ಡಹೆಸರೂ ಹಿಂದುಮುಂದಾದರೆ ಅದರ ಲೆಕ್ಕದಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು. ಉತಾರದಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಹೆಸರಿದ್ದರೆ ಪರಿಹಾರದ ಹಣವೂ ಸಹಾಯಧನವೂ ನಡುದಾರಿಯಲ್ಲಿ ನಿಲ್ಲುವುದು ಇದಕ್ಕೇ. ಕೈಬರಹದಿಂದ ಟೈಪ್ ಮಾಡುವಾಗ 3 ಎಕರೆ 14 ಗುಂಟೆ ತಪ್ಪಿ 3 ಎಕರೆ 4 ಗುಂಟೆ ಆದರೆ ಯಂತ್ರ ಅದನ್ನು ಸಂಶಯಿಸುವುದಿಲ್ಲ, ಪ್ರತಿ ಸಲವೂ ಅಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ.

ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ, ಮುಂಗಾರು ಮತ್ತು ಹಿಂಗಾರು ಬಿತ್ತನೆಯ ನಂತರ, ನಿಮ್ಮ ಉತಾರ ತೆರೆದು ಮೂರು ಕಡೆ ಕಣ್ಣು ಹಾಯಿಸಿ. 9ನೇ ಕಾಲಮಿನಲ್ಲಿ ಹೆಸರೂ ವಿಸ್ತೀರ್ಣವೂ ಸರಿಯಿವೆಯೇ? 11ರಲ್ಲಿ ತೀರಿಸಿದ ಸಾಲದ ಬೋಜಾ ಇನ್ನೂ ಉಳಿದಿದೆಯೇ? 12ರಲ್ಲಿ ಬಿತ್ತಿದ ಬೆಳೆಯೇ ದಾಖಲಾಗಿದೆಯೇ? ತಪ್ಪಿದ್ದರೆ ಹಳೆಯ ಕೈಬರಹದ ಉತಾರದ ನಕಲಿನೊಂದಿಗೆ ತಹಶೀಲ್ದಾರ್ ಕಚೇರಿಗೆ ತಿದ್ದುಪಡಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಟ್ರಂಕಿನಲ್ಲಿರುವ ಹಳೆಯ ಕಾಗದವನ್ನು, ಎಲ್ಲ ಆನ್‌ಲೈನ್ ಆಗಿದೆ ಎಂದು, ದಯವಿಟ್ಟು ಬಿಸಾಡಬೇಡಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ. ಕಂಪ್ಯೂಟರ್ ಕಲಿತದ್ದಕ್ಕೆ ಮನೆಗೆ ಇದಕ್ಕಿಂತ ಬೇಗ ಸಿಗುವ ಲಾಭ ಇನ್ನೊಂದಿಲ್ಲ.